ಅಂಗುಳದ ನುಣುಪು

ಮುದ್ದಕ್ಕನ ಕೈಗೆ ಸಿಕ್ಕ ಯಾವ ಪಾತ್ರೆಯೂ ಮಂಕಾಗಿ ಉಳಿದದ್ದಿಲ್ಲ. ಒಲೆಯ ಬೂದಿ, ಇಟ್ಟಿಗೆ ಪುಡಿ, ಒಂದು ಹಿಡಿ ತೆಂಗಿನ ನಾರು, ಇಷ್ಟು ಕೊಟ್ಟು ಹಿತ್ತಲಲ್ಲಿ ಕೂರಿಸಿದರೆ ಸಾಕು, ಅಜ್ಜಿ ಕಾಲದ ತಂಬಿಗೆಯನ್ನೂ ಮದುವಣಗಿತ್ತಿಯ ಹಾಗೆ ಸಿಂಗರಿಸಿ ಎತ್ತಿಡುವಳು. ರಾಮಗಿರಿಯ ಗುಡ್ಡ ಕಾಣುವ ಆ ಗೊಲ್ಲರಹಟ್ಟಿಯಲ್ಲಿ ಹೆಂಗಸರು ಅವಳನ್ನು ಕಂಡರೆ, "ಸರಿದು ನಿಂತ್ಕಳ್ರೇ, ನಮ್ಮನ್ನೂ ಹಿಡಿದು ಉಜ್ಜಿಬಿಟ್ಟಾಳು" ಎಂದು ನಗುತ್ತಿದ್ದರು. ಮುದ್ದಕ್ಕನಿಗೆ ಅದರಿಂದ ಬೇಜಾರೇನೂ ಇರಲಿಲ್ಲ. ಒಳಗೊಳಗೇ ಹೆಮ್ಮೆ.

ಅವಳ ಗಂಡ ಪಾಲಣ್ಣನ ಹೆಮ್ಮೆಯೆಲ್ಲ ಅವನ ಬಾಯಲ್ಲಿತ್ತು. ಕುರಿ ಕಾಯುವವರು ಒಬ್ಬೊಬ್ಬರೂ ಒಂದೊಂದು ಥರ ಕುರಿ ಕರೆಯುತ್ತಾರೆ. ಒಬ್ಬ ಟ್ರ್ರ್ ಎನ್ನುತ್ತಾನೆ, ಇನ್ನೊಬ್ಬ ಹೋಯ್ ಎಂದು ಗಂಟಲು ಹರಿದುಕೊಳ್ಳುತ್ತಾನೆ. ಪಾಲಣ್ಣ ಬೆರಳು ಮುಟ್ಟಿಸದೆ, ನಾಲಿಗೆಯ ತುದಿಯನ್ನು ಮೇಲಿನ ಹಲ್ಲುಗಳ ಹಿಂದೆ ಅಂಗುಳಕ್ಕೆ ಒತ್ತಿ ಸಿಳ್ಳೆ ಹಾಕುತ್ತಿದ್ದ. ಸಣ್ಣಗೆ ಎದ್ದು, ನಡುವೆ ಒಮ್ಮೆ ಕುಣಿದು, ಕೊನೆಗೆ ಉದ್ದಕ್ಕೆ ಎಳೆದು ನಿಲ್ಲುವ ಸಿಳ್ಳೆ ಅದು. ಎರಡು ಹೊಲದಾಚೆ ಮೇಯುತ್ತಿದ್ದ ಮಂದೆ ಬಾಯಲ್ಲಿದ್ದ ಹುಲ್ಲು ಬಿಟ್ಟು ತಿರುಗುತ್ತಿತ್ತು. ಬೇರೆಯವರು ಎಷ್ಟು ಕೂಗಿಕೊಂಡರೂ ಆ ಕುರಿಗಳು ಕಿವಿ ಕೂಡ ಅಲ್ಲಾಡಿಸುತ್ತಿರಲಿಲ್ಲ. ಅಷ್ಟು ಕೊಬ್ಬು ಅವಕ್ಕೆ!

ಹಲ್ಲು ಹೋದ ಮೇಲೆ ಸಿಳ್ಳೆ ಎಲ್ಲಿಯದು? ನಾಡಿಗೆ ಕರ್ನಾಟಕ ಎಂಬ ಹೊಸ ಹೆಸರು ಬಂದ ವರ್ಷ ಪಾಲಣ್ಣನ ಮೊದಲ ಹಲ್ಲು ಉದುರಿತು. ಆಮೇಲೆ ಒಂದರ ಹಿಂದೆ ಒಂದು, ಬೇಲಿ ಹಾರುವ ಕುರಿಗಳ ಹಾಗೆ, ಎಲ್ಲವೂ ಹೊರಟೇಹೋದವು. ಮುದ್ದೆ ನುಂಗಲು ಹಲ್ಲು ಬೇಕಿಲ್ಲವಾದ್ದರಿಂದ ಊಟದ ಚಿಂತೆ ಇರಲಿಲ್ಲ. ಸಿಳ್ಳೆ ಹಾಕಲು ಹೋದರೆ ಮಾತ್ರ ಉಫ್ ಎಂದು ಬರಿಯ ಗಾಳಿ ಬರುತ್ತಿತ್ತು, ಗಾಳಿಯ ಜೊತೆ ಒಂದಿಷ್ಟು ಎಂಜಲು.

ಇಷ್ಟೇ ಆಗಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಪ್ರತಿ ವರ್ಷ ಸಂಕ್ರಾಂತಿ ಮುಗಿಯುತ್ತಲೇ ಹಟ್ಟಿಯ ಮಂದೆಗಳು ಭದ್ರಾ ನಾಲೆಯ ಸೀಮೆಗೆ ಹೊರಡಬೇಕು. ಭತ್ತ ಕೊಯ್ದ ಗದ್ದೆಗಳಲ್ಲಿ ಕುರಿ ತರುಬಿದರೆ, ಅಂದರೆ ಇರುಳು ಅಲ್ಲೇ ಕೂಡಿ ಹಾಕಿದರೆ, ಗದ್ದೆಗೆ ಗೊಬ್ಬರ, ಕುರಿಗೆ ಮೇವು, ಕಾಯುವವನಿಗೆ ಭತ್ತ. ಹೋದವರು ತಿರುಗಿ ಬರುವುದು ಮುಂಗಾರಿನ ಮೊದಲ ಮಳೆಗೇ. ದಾರಿಯುದ್ದಕ್ಕೂ ಯಾರದೋ ಹಸಿರು ಪೈರು, ಯಾರದೋ ತೋಟ. ಕರೆದರೆ ಬಾರದ ಕುರಿಗಳನ್ನು ಕಟ್ಟಿಕೊಂಡು ಅಲ್ಲಿಗೆ ಹೋದವನ ಪಾಡು ಯಾರಿಗೂ ಬೇಡ.

ಅದಕ್ಕೇ ಅಳಿಯ ಉಗ್ರಪ್ಪ ಒಂದು ದಿನ ಜಗುಲಿಯ ಮೇಲೆ ಕೂತು ಮಾತು ತೆಗೆದ. ಅವನು ಪಾಲಣ್ಣನ ತಂಗಿಯ ಮಗ, ಮಗಳು ಜಯಕ್ಕನ ಗಂಡ, ಅದೇ ಹಟ್ಟಿಯವನು.

"ಮಾವ, ಈ ಸಲ ನೀನು ಮನೇಲಿರು. ಮಂದೆ ನಾನು ಹೊಡ್ಕಂಡು ಹೋಗ್ತೀನಿ. ಸಿಳ್ಳೆ ಇಲ್ದೆ ನಿನ್ನ ಕೈಲಿ ಆಗಲ್ಲ. ನಂಗೆ ಸಿಳ್ಳೆ ಬರ್ದಿದ್ರೂ ಕಾಲು ಗಟ್ಟಿ ಅವೆ. ಓಡಿ ಅಡ್ಡ ಹಾಕ್ತೀನಿ."

"ಮಂದೆ ಕಾಯೋ ಕೋಲು ನಂಗೆ ಕೊಟ್ಬಿಡು ಅಂತ ನೇರವಾಗಿ ಕೇಳೋ," ಎಂದು ಪಾಲಣ್ಣ ಮುಖ ಊದಿಸಿಕೊಂಡು ಎದ್ದುಹೋದ.

ಉಗ್ರಪ್ಪನ ಮಾತಿನಲ್ಲಿ ತಪ್ಪೇನಿರಲಿಲ್ಲ. ಆದರೆ ಜಯಕ್ಕ ಚೊಚ್ಚಲ ಬಸುರಿ, ಹೆರಿಗೆಗೆಂದು ತವರಿಗೆ ಬಂದು ಕೂತಿದ್ದಳು. ಅವಳು ಗಂಡನ ಬೆನ್ನನ್ನೇ ನೋಡುತ್ತಾ ಅವರೆಕಾಯಿ ಸುಲಿಯುತ್ತಿದ್ದಳು, ಸುಲಿದ ಕಾಳನ್ನು ಸಿಪ್ಪೆಯ ಕಡೆಗೇ ಎಸೆಯುತ್ತಿದ್ದಳು. ಅದನ್ನು ಕಂಡು ಮುದ್ದಕ್ಕನಿಗೆ ತನ್ನ ಹೆರಿಗೆ ನೆನಪಾಯಿತು. ಜಯಕ್ಕ ಹುಟ್ಟಿದಾಗ ಪಾಲಣ್ಣ ನಾಲೆ ಸೀಮೆಯಲ್ಲಿದ್ದ. ಅವನು ಬಂದು ಮಗಳ ಮುಖ ನೋಡುವ ಹೊತ್ತಿಗೆ ಕೂಸು ಮಗುಚಿಕೊಳ್ಳುತ್ತಿತ್ತು, ಗಡ್ಡ ಬಿಟ್ಟವನನ್ನು ಕಂಡು ಕಿಟಾರನೆ ಕಿರುಚಿತ್ತು. ಆ ಬೇಸಿಗೆಯನ್ನು ತಾನು ಹೇಗೆ ಕಳೆದೆನೆಂದು ಮುದ್ದಕ್ಕ ಯಾರಿಗೂ ಹೇಳಿರಲಿಲ್ಲ.

ಆದರೆ ಅವಳ ಎದೆಯಲ್ಲಿ ಇನ್ನೊಂದು ಆಸೆಯೂ ಇತ್ತು. ಮದುವೆಯಾದಾಗಿನಿಂದ ಒಂದು ಬೇಸಿಗೆಯನ್ನೂ ಅವಳು ಗಂಡನ ಜೊತೆ ಕಳೆದಿರಲಿಲ್ಲ. ಮಾವಿನಕಾಯಿ ಉಪ್ಪಿಗೆ ಹಾಕುವಾಗ, ಸೆಕೆಗೆ ಅಂಗಳದಲ್ಲಿ ಚಾಪೆ ಹಾಸಿ ಮಲಗುವಾಗ, ಮಾತಾಡಲು ಪಕ್ಕದಲ್ಲಿ ಅವನಿರಬೇಕು ಎಂದು ಈ ವಯಸ್ಸಿನಲ್ಲಿ ಆಸೆಪಟ್ಟರೆ ಜನ ನಗುತ್ತಾರೆ. ನಗಲಿ, ಆಸೆ ಆಸೆಯೇ. ಮನೆಯ ಇಬ್ಬರು ಗಂಡಸರಲ್ಲಿ ಒಬ್ಬ ಹೋಗಲೇಬೇಕು. ಪಾಲಣ್ಣ ಹೋದರೆ ಮಗಳಿಗೆ ಅವಳ ಗಂಡ ಉಳಿಯುತ್ತಾನೆ, ಉಗ್ರಪ್ಪ ಹೋದರೆ ತನಗೆ ತನ್ನ ಗಂಡ. ಎಲ್ಲವೂ ಒಂದು ಸಿಳ್ಳೆಯ ಮೇಲೆ ನಿಂತಿತ್ತು.

ಪಾಲಣ್ಣ ಹಟ ಹಿಡಿದು ಚಿತ್ರದುರ್ಗಕ್ಕೆ ಹೋಗಿ ಹಲ್ಲು ಸೆಟ್ಟು ಮಾಡಿಸಿದ. ಅಚ್ಚು ತೆಗೆದದ್ದು ಹಲ್ಲಿನ ಡಾಕ್ಟರು. ಆ ಅಚ್ಚಿನ ಮೇಲೆ ಸೆಟ್ಟು ಕಟ್ಟಿದ್ದು ಅವರ ಹಿಂದಿನ ಕೋಣೆಯಲ್ಲಿ ಕೆಲಸ ಮಾಡುವ ನಾಗರಾಜಪ್ಪ. ಗುಂಡಗಿನ ಆಳು, ಬಾಯಿ ತುಂಬ ಮಾತು, ಮೈಯೆಲ್ಲ ಬಿಳಿ ಪುಡಿ. ಹಲ್ಲು ತೆಗೆದುಕೊಳ್ಳುವ ದಿನ ಮುದ್ದಕ್ಕನೂ ಜೊತೆಗೆ ಹೋಗಿದ್ದಳು.

"ಕುಂತ್ಕಳ್ರಿ ಯಜಮಾನ್ರೆ. ಅಮ್ಮಾ, ನೀವೂ ಕುಂತ್ಕಳ್ರಿ. ಕೊನೇ ಕೈ ಒಂದು ಬಾಕಿ ಐತೆ," ಎಂದು ಅವನು ಕರೆಂಟಿನ ಚಕ್ರ ತಿರುಗಿಸಿದ. ಗರ್ರ್ ಎಂದು ತಿರುಗುವ ಚಕ್ರಕ್ಕೆ ಮೊದಲು ನೆನೆಸಿದ ಬೂದುಬಣ್ಣದ ಕಲ್ಲಿನ ಪುಡಿ ಹಚ್ಚಿ ಉಜ್ಜಿದ. ಆಮೇಲೆ ಬಟ್ಟೆಯ ಚಕ್ರ ಸಿಕ್ಕಿಸಿ, ಸೀಮೆಸುಣ್ಣದಷ್ಟು ನಯವಾದ ಬಿಳಿ ಪುಡಿ ಹಚ್ಚಿ ಮತ್ತೆ ಉಜ್ಜಿದ. ಮುದ್ದಕ್ಕ ಕಣ್ಣು ಮಿಟುಕಿಸದೆ ನೋಡಿದಳು. ಉಜ್ಜುವ ಕೆಲಸದಲ್ಲಿ ತನ್ನನ್ನು ಮೀರಿಸುವವನೊಬ್ಬ ಇದ್ದಾನೆ ಎಂದು ಅವಳಿಗೆ ಅವತ್ತೇ ಗೊತ್ತಾದದ್ದು.

"ನೋಡ್ರಿ, ಹೆಂಗೈತೆ!" ಎಂದು ನಾಗರಾಜಪ್ಪ ಮೇಲಿನ ಸೆಟ್ಟನ್ನು ಕಿಟಕಿಯ ಬೆಳಕಿಗೆ ಹಿಡಿದ. ಹಲ್ಲಿಗಿಂತ ಅದರ ಹಿಂದಿನ ಗುಲಾಬಿ ಬಣ್ಣದ ಅಂಗುಳವೇ ಹೆಚ್ಚು ಹೊಳೆಯುತ್ತಿತ್ತು. "ನೊಣ ಬಂದು ಕುಂತ್ರೆ ಜಾರಿ ಬೀಳ್ಬೇಕು, ಹಂಗೆ ನುಣ್ಣಗೆ ಮಾಡೀನಿ. ಒರಟಿದ್ರೆ ಕೊಳೆ ಕಚ್ಕಂತದೆ. ಕೊಳೆ ಕಚ್ಕಂಡ್ರೆ ವಾಸ್ನೆ, ಆಮೇಲೆ ಹುಣ್ಣು. ಮೆತ್ತನೆ ಬಟ್ಟೆ, ಒಂಚೂರು ಸೋಪು, ತಣ್ಣೀರು. ಅಷ್ಟ್ರಾಗೇ ತೊಳೀಬೇಕು."

ಪಾಲಣ್ಣ ಹಲ್ಲು ಹಾಕಿಕೊಂಡು ಕನ್ನಡಿಯಲ್ಲಿ ನೋಡಿಕೊಂಡ. ಮುದ್ದಕ್ಕ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಮದುವೆಯ ದಿನ ಕಂಡಿದ್ದ ಮುಖ ಅರ್ಧಕ್ಕರ್ಧ ವಾಪಸು ಬಂದಿತ್ತು. ಬಸ್ ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಪಾಲಣ್ಣ ಕಡಲೆಕಾಯಿ ಕಟಕಟ ಅಗಿದು ತೋರಿಸಿದ. ಆಮೇಲೆ ಗೋಡೆಯ ಕಡೆ ತಿರುಗಿ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಸಿಳ್ಳೆ ಹಾಕಿದ.

ಉಫ್.

"ಏನಾಯ್ತು?" ಎಂದಳು ಮುದ್ದಕ್ಕ.

"ನಾಲಿಗೆ ನಿಲ್ತಾ ಇಲ್ಲ ಕಣೇ. ಒತ್ತಿದ್ರೆ ಜಾರ್ತದೆ. ಪಾಚಿ ಕಟ್ಟಿದ ಬಂಡೆ ಮೇಲೆ ಕಾಲಿಟ್ಟಂಗೆ ಆಗ್ತೈತೆ."

"ಹೊಸದಲ್ವಾ, ಒಗ್ಗಬೇಕು," ಎಂದು ಅವಳು ಸಮಾಧಾನ ಹೇಳಿದಳು.

ಒಗ್ಗಲಿಲ್ಲ. ಹಟ್ಟಿಗೆ ಬಂದ ಮೇಲೆ ಪಾಲಣ್ಣ ಬೆಳಗಾದರೆ ಕುರಿಗಳ ಮುಂದೆ ನಿಂತು ಉಫ್ ಉಫ್ ಎಂದು ಒದ್ದಾಡಿದ. ಕುರಿಗಳು ಒಮ್ಮೆ ತಲೆಯೆತ್ತಿ ನೋಡಿ, ಇವನಿಗೆ ಏನೋ ಆಗಿದೆ ಎಂಬಂತೆ ಮತ್ತೆ ಮೇಯಲು ಹತ್ತಿದವು.

ಈ ನಡುವೆ ಮುದ್ದಕ್ಕ ತನ್ನ ಪಾಲಿನ ಕೆಲಸ ನಡೆಸಿದ್ದಳು. ಮೆತ್ತನೆ ಬಟ್ಟೆ, ಸೋಪು ಎಂದೆಲ್ಲ ನಾಗರಾಜಪ್ಪ ಹೇಳಿದ್ದು ನೆನಪಿತ್ತು. ಆದರೆ ರಾಗಿ ಅಂಟಿದ್ದು, ಅರಿಸಿನ ಹತ್ತಿದ್ದು, ಎಲೆಯಡಿಕೆಯ ಕೆಂಪು ಕೂತದ್ದು ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆಯೇ? ಅವಳ ಕೈಗೆ ಅದು ತೊಳೆದಂತೆಯೇ ಆಗಲಿಲ್ಲ. ಮುಂಜಾನೆ ತಂಬಿಗೆಯ ಜೊತೆ ಹಲ್ಲು ಸೆಟ್ಟನ್ನೂ ಹಿತ್ತಲಿಗೆ ಒಯ್ದು, ಬೂದಿ ಹಾಕಿ, ನಾರು ಹಿಡಿದು, ಒಳಗೂ ಹೊರಗೂ ತಿಕ್ಕಿದಳು. ಕಲೆ ಹೋಯಿತು. ಹೊಳಪೂ ಕೊಂಚ ಹೋದಂತೆ ಕಂಡಿತು. ಹೊಳಪು ಹೋದರೆ ಬರಿಸುವುದು ಹೇಗೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮಾರನೆಯ ದಿನ ಬೂದಿಗೆ ಇಟ್ಟಿಗೆ ಪುಡಿಯೂ ಸೇರಿತು.

ಹಿತ್ತಾಳೆಯಾದರೆ ಉಜ್ಜಿದಷ್ಟೂ ಹೊಳೆಯುತ್ತದೆ. ಈ ಗುಲಾಬಿ ಸಾಮಾನು ಅದೇನು ತಿಂದು ಬೆಳೆದಿತ್ತೋ, ಉಜ್ಜಿದಷ್ಟೂ ಮಂಕಾಯಿತು. ಮುದ್ದಕ್ಕನಿಗೆ ಜೀವಮಾನದಲ್ಲೇ ಇಂಥ ಸೋಲು ಆಗಿರಲಿಲ್ಲ. ಅವಳು ಬಿಡುವವಳೇ? ಹಲ್ಲು ಕಚ್ಚಿ ಇನ್ನಷ್ಟು ತಿಕ್ಕಿದಳು. ಗಂಡನಿಗೆ ಗೊತ್ತಾಗದಿರಲೆಂದು ಸೆಟ್ಟನ್ನು ಒದ್ದೆ ಇರುವಾಗಲೇ ಅವನ ಕೈಗೆ ಕೊಡುತ್ತಿದ್ದಳು. ಒದ್ದೆ ಇದ್ದರೆ ಹೊಳೆದಂತೆ ಕಾಣುತ್ತಿತ್ತು.

ಒಂದು ಸಂಜೆ ಅವಳು ಒಲೆಯ ಮುಂದೆ ಕೂತಿದ್ದಾಗ ಹೊರಗಿನಿಂದ ಆ ಸದ್ದು ಬಂತು. ಸಣ್ಣಗೆ ಎದ್ದಿತು, ಕುಣಿಯಿತು, ಉದ್ದಕ್ಕೆ ಎಳೆಯಿತು. ಮುದ್ದಕ್ಕ ಸೌಟು ಹಿಡಿದೇ ಅಂಗಳಕ್ಕೆ ಓಡಿದಳು. ಗುಡ್ಡದ ಇಳಿಜಾರಿನಲ್ಲಿ ಪಾಲಣ್ಣ ನಿಂತಿದ್ದ, ಚದುರಿದ್ದ ಕುರಿಗಳೆಲ್ಲ ಒಂದನ್ನೊಂದು ತಳ್ಳಿಕೊಂಡು ಅವನ ಕಡೆ ಇಳಿಯುತ್ತಿದ್ದವು. ಹಟ್ಟಿಯ ಜನ ಬಾಗಿಲಿಗೆ ಬಂದು ನಿಂತರು. ಪಾಲಣ್ಣನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

"ಒಗ್ತು ಕಣೇ ಮುದ್ದೀ, ಒಗ್ತು! ಹಲ್ಲು ಬಾಯಿಗೆ ಒಗ್ತು!"

ಜಯಕ್ಕ ಗೋಡೆಗೆ ಒರಗಿ ನಗುತ್ತಿದ್ದಳು, ಕಣ್ಣಲ್ಲಿ ನೀರಿತ್ತು. ಉಗ್ರಪ್ಪ, "ಆಗ್ಲಿ ಬಿಡು ಮಾವ, ನಿನ್ನ ಕೋಲು ನಿಂಗೇ," ಎಂದು ತಲೆ ತಗ್ಗಿಸಿಕೊಂಡು ಕುರಿದೊಡ್ಡಿಯ ಕಡೆ ಹೋದ. ಅವನ ಮುಖ ಯಾರಿಗೂ ಕಾಣಲಿಲ್ಲ. ಮುದ್ದಕ್ಕನಿಗೆ ಸಂತೋಷವೂ ಆಯಿತು, ಈ ಬೇಸಿಗೆಯೂ ಚಾಪೆಯ ಮೇಲೆ ತಾನೊಬ್ಬಳೇ ಎಂದು ಮನಸ್ಸು ಪಿಚ್ಚೆಂದಿತು.

ಹೊರಡಲು ಇನ್ನೆರಡು ದಿನ ಇರುವಾಗ ಪಾಲಣ್ಣನ ನಾಲಿಗೆ ಹುಣ್ಣಾಯಿತು. ಖಾರ ತಾಗಿದರೆ ಜೀವ ಹೋಗುತ್ತಿತ್ತು. ಸೆಟ್ಟಿಗೆ ಅದೇನೋ ವಾಸನೆ ಬೇರೆ. ಪರಸ್ಥಳದಲ್ಲಿ ಹುಣ್ಣು ಇಟ್ಟುಕೊಂಡು ಒದ್ದಾಡುವುದು ಬೇಡವೆಂದು ಇಬ್ಬರೂ ಮತ್ತೆ ಚಿತ್ರದುರ್ಗದ ಬಸ್ಸು ಹತ್ತಿದರು.

ನಾಗರಾಜಪ್ಪ ಸೆಟ್ಟನ್ನು ಕೈಗೆ ತೆಗೆದುಕೊಂಡವನು ಹೌಹಾರಿದ. ಹೆಬ್ಬೆರಳಿಂದ ಅಂಗುಳವನ್ನು ಸವರಿದ, ಬೆಳಕಿಗೆ ಹಿಡಿದ, ಮತ್ತೆ ಸವರಿದ.

"ಅಯ್ಯೋ ಶಿವನೇ! ಯಾರ್ರೀ ಇದನ್ನ ಹಿಂಗೆ ಮಾಡಿದ್ದು? ಕುರಿ ನೆಕ್ಕಿದಾವಾ?"

ಪಾಲಣ್ಣ ಹೆಂಡತಿಯ ಮುಖ ನೋಡಿದ. ಮುದ್ದಕ್ಕ ಗೋಡೆಯ ಮೇಲಿದ್ದ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದಳು.

"ಇರ್ಲಿ ಬಿಡ್ರಿ. ಈಗ್ಲೇ ಸರಿ ಮಾಡ್ತೀನಿ. ನನ್ನ ಕೈಯಿಂದ ಹೋದ ಸಾಮಾನು ಹಿಂಗಿರಬಾರ್ದು," ಎಂದು ಅವನು ಚಕ್ರ ತಿರುಗಿಸಿದ. ಕಲ್ಲಿನ ಪುಡಿ, ಬಟ್ಟೆ, ಬಿಳಿ ಪುಡಿ. ಚಹಾ ಕುಡಿಯುವಷ್ಟರಲ್ಲಿ ಅಂಗುಳ ಮತ್ತೆ ಥಳಥಳ ಹೊಳೆಯಿತು. ಪಾಲಣ್ಣ ಹಾಕಿಕೊಂಡು, "ಆಹಾ, ತಣ್ಣಗಾಯ್ತು" ಎಂದ. ಮೂವರೂ ಖುಷಿಯಾಗಿ ಬೀಳ್ಕೊಂಡರು.

ಬಸ್ಸು ಹೊಳಲ್ಕೆರೆ ದಾಟಿದ ಮೇಲೆ, ಕಿಟಕಿಯ ಪಕ್ಕ ಕೂತಿದ್ದ ಪಾಲಣ್ಣ ಉಲ್ಲಾಸದಿಂದ ಸಿಳ್ಳೆ ಹಾಕಲು ತುಟಿ ಸರಿಮಾಡಿಕೊಂಡ.

ಉಫ್.

ಮತ್ತೊಮ್ಮೆ ಹಾಕಿದ. ಮತ್ತೆ ಉಫ್. ನಾಲಿಗೆಯನ್ನು ಒಳಗೆ ಹೊರಳಿಸಿ, ಒತ್ತಿ, ಕತ್ತು ಉಬ್ಬಿಸಿ ಹಾಕಿದ. ಮುಂದಿನ ಸೀಟಿನವನು ಕುತ್ತಿಗೆ ಒರೆಸಿಕೊಂಡು ತಿರುಗಿ ನೋಡಿದ. ಪಾಲಣ್ಣನ ಮುಖ ಇಳಿದುಹೋಯಿತು.

ಒಂದೇ ಕ್ಷಣದಲ್ಲಿ ಮುದ್ದಕ್ಕನಿಗೆ ಎಲ್ಲ ತಿಳಿಯಿತು. ಹಲ್ಲು ಬಾಯಿಗೆ ಒಗ್ಗಿದ್ದಲ್ಲ. ತನ್ನ ಬೂದಿ, ತನ್ನ ಇಟ್ಟಿಗೆ ಪುಡಿ ಆ ನುಣುಪನ್ನು ತಿಂದು ನಾಲಿಗೆಗೆ ಕಾಲೂರಲು ಜಾಗ ಮಾಡಿಕೊಟ್ಟಿದ್ದವು. ಹುಣ್ಣು ಮಾಡಿದ್ದೂ ಅವೇ.

ಬಸ್ಸಿಳಿದು ಹಟ್ಟಿಯ ದಾರಿ ಹಿಡಿದಾಗ ಪಾಲಣ್ಣ ಒಂದು ಕಲ್ಲಿನ ಮೇಲೆ ಕೂತುಬಿಟ್ಟ. "ಸಾಕು ಬಿಡು. ಉಗ್ರಪ್ಪನೇ ಹೋಗ್ಲಿ. ನನ್ನ ಕಾಲ ಮುಗೀತು," ಎಂದ. ಅವನು ಹಾಗೆ ಕೈಚೆಲ್ಲಿ ಕೂತದ್ದನ್ನು ಅವಳು ಎಂದೂ ಕಂಡಿರಲಿಲ್ಲ.

ಈಗ ಅವಳು ಮಾಡಬೇಕಾದದ್ದು ಏನೂ ಇರಲಿಲ್ಲ. ಸುಮ್ಮನಿದ್ದರೆ ಸಾಕು. ಬಾಯಿ ಮುಚ್ಚಿಕೊಂಡು ಮನೆಗೆ ಹೋದರೆ ಗಂಡ ಮನೆಯಲ್ಲೇ ಉಳಿಯುತ್ತಾನೆ, ಅವಳು ಬೇಡಿಕೊಂಡ ಬೇಸಿಗೆ ತಾನಾಗಿ ಕೈಗೆ ಬರುತ್ತದೆ. ಯಾರೂ ಅವಳನ್ನು ಬೈಯುವುದಿಲ್ಲ, ಯಾರಿಗೂ ಗೊತ್ತಾಗುವುದೂ ಇಲ್ಲ. ಮುದ್ದಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಬಿಚ್ಚಿದಳು, ಸುತ್ತಿಕೊಂಡು ಬಿಚ್ಚಿದಳು. ಮನೆಯವರೆಗೂ ಹಾಗೇ ನಡೆದಳು.

ಬಾಗಿಲಲ್ಲಿ ಜಯಕ್ಕ ಕಾಯುತ್ತಿದ್ದಳು. ಅಪ್ಪನ ಮುಖ ನೋಡುತ್ತಲೇ ಅವಳಿಗೆ ಅರ್ಥವಾಯಿತು. ಸೊಂಟದ ಮೇಲೆ ಕೈಯಿಟ್ಟುಕೊಂಡು ಒಳಗೆ ಹೋಗಿ, ನೀರಿನ ಚೊಂಬು ತಂದು ಅಪ್ಪನ ಮುಂದಿಟ್ಟಳು. "ಹೋಗ್ಲಿ ಬಿಡಪ್ಪ, ನೀನು ಬೇಜಾರು ಮಾಡ್ಕಬ್ಯಾಡ. ಅವರು ಹೋಗ್ಬರ್ಲಿ," ಎಂದಳು. ಎಂದವಳು ಗಂಡನ ದಾರಿಗೆಂದು ಕಂಬಳಿ ಕೊಡವಿ ಮಡಿಸತೊಡಗಿದಳು.

ಮುದ್ದಕ್ಕನಿಗೆ ತಡೆಯಲಾಗಲಿಲ್ಲ.

"ಜಯಕ್ಕನಪ್ಪಾ, ಸಿಳ್ಳೆ ಬರಿಸಿದ್ದು ನಾನು. ದಿನಾ ಬೂದಿ ಹಾಕಿ ತಿಕ್ತಿದ್ದೆ. ಒರಟಾಗಿ ನಾಲಿಗೆ ನಿಂತ್ಕಂತು. ಆ ಪುಣ್ಯಾತ್ಮ ಮತ್ತೆ ನುಣ್ಣಗೆ ಮಾಡಿದ, ಹೋಯ್ತು. ನಾಳೆ ತಿರುಗಾ ದುರ್ಗಕ್ಕೆ ಹೋಗಾಣ. ನಾಲಿಗೆ ತಾಗೋ ಕಡೆಗಷ್ಟೇ ಏನಾದ್ರೂ ಮಾಡಿಕೊಡು ಅಂತ ಕೇಳಾಣ."

ಗಂಡ ಬೈಯುತ್ತಾನೆ ಎಂದುಕೊಂಡಳು. ಅವನು ಹೊಟ್ಟೆ ಹಿಡಿದುಕೊಂಡು ನಗಲು ಶುರುಮಾಡಿದ. "ಕುರಿ ನೆಕ್ಕಿದಾವಾ ಅಂದ್ನಲ್ಲೇ ಅವ್ನು! ನೀನು ಕ್ಯಾಲೆಂಡರ್ ನೋಡ್ತಿದ್ದೆ!"

ಮಾರನೆಯ ಬೆಳಿಗ್ಗೆ ಹಟ್ಟಿಯ ಮಂದೆಗಳು ಹೊರಟವು. ಗೊತ್ತುಮಾಡಿದ ದಿನ, ಬೇರೆಯವರು ಒಬ್ಬನಿಗಾಗಿ ಕಾಯುವುದಿಲ್ಲ. ಪಾಲಣ್ಣನ ಕುರಿಗಳನ್ನು ಉಗ್ರಪ್ಪ ಹೊಡೆದುಕೊಂಡು ನಡೆದ. "ನಾ ಬಂದು ಸೇರ್ಕಂತೀನಿ" ಎಂದು ಪಾಲಣ್ಣ ಹೇಳಿದ್ದಕ್ಕೆ, "ಬಾ ಮಾವ" ಎಂದಷ್ಟೇ ಹೇಳಿ ಹೋದ. ಬರುತ್ತಾನೆಂದು ಅವನು ನಂಬಿದಂತಿರಲಿಲ್ಲ.

ಚಿತ್ರದುರ್ಗದಲ್ಲಿ ನಾಗರಾಜಪ್ಪ ಮೊದಲು ಒಪ್ಪಲೇ ಇಲ್ಲ.

"ಒರಟು ಮಾಡ್ಲಾ? ನಾನಾ? ಅಮ್ಮಾ, ನುಣ್ಣಗೆ ಮಾಡೋದೇ ನನ್ನ ಕಸುಬು. ಒರಟು ಮಾಡಿದ್ರೆ ತಿರುಗಾ ಹುಣ್ಣಾಗ್ತದೆ. ಆಗ ಜನ ನನ್ನ ಹೆಸರು ಹೇಳಿ ಉಗೀತಾರೆ."

"ಹಂಗಾದ್ರೆ ಸಿಳ್ಳೆ?" ಎಂದ ಪಾಲಣ್ಣ.

"ಸಿಳ್ಳೆ ಹಾಕೋಕೆ ಅಂತ ಯಾರೂ ಹಲ್ಲು ಮಾಡಿಸಲ್ಲ ಯಜಮಾನ್ರೆ!"

"ನಾ ಮಾಡಿಸಿದ್ದೇ ಅದಕ್ಕೆ."

ನಾಗರಾಜಪ್ಪ ತಲೆ ಕೆರೆದುಕೊಂಡ. "ಹೋಗ್ಲಿ, ನಾಲಿಗೆ ಎಲ್ಲಿಡ್ತೀರಿ, ತೋರಿಸ್ರಿ" ಎಂದ. ಪಾಲಣ್ಣ ಸೆಟ್ಟು ತೆಗೆದು, ಬಾಯಿ ಅಗಲ ಮಾಡಿ, ನಾಲಿಗೆಯನ್ನು ಮುಂಭಾಗದ ಅಂಗುಳಕ್ಕೆ ಒತ್ತಿ ತೋರಿಸಿದ. ನಾಗರಾಜಪ್ಪನೂ ತನಗರಿವಿಲ್ಲದೆ ತನ್ನ ನಾಲಿಗೆಯನ್ನು ಅದೇ ಜಾಗಕ್ಕೆ ಒತ್ತಿದ. ಒತ್ತಿದವನು ಹಾಗೇ ನಿಂತ. ಬಾಯಿ ಮುಚ್ಚಿ ನಾಲಿಗೆಯನ್ನು ಮೆಲ್ಲಗೆ ಹಿಂದೆ ಮುಂದೆ ಆಡಿಸಿದ. ಕುತೂಹಲಕ್ಕೆ ಮುದ್ದಕ್ಕನೂ ಆಡಿಸಿ ನೋಡಿದಳು. ಹಲ್ಲಿನ ಹಿಂದೆ ಅಂಗುಳ ನುಣ್ಣಗಿರಲಿಲ್ಲ. ಉತ್ತ ಹೊಲದ ಸಾಲುಗಳಂತೆ ಸಣ್ಣ ಸಣ್ಣ ಏಣುಗಳಿದ್ದವು. ಹುಟ್ಟಿದಾಗಿನಿಂದ ಬಾಯಲ್ಲೇ ಇಟ್ಟುಕೊಂಡು ತಿರುಗಿದರೂ ಅವಳು ಅದನ್ನು ಗಮನಿಸಿರಲಿಲ್ಲ. ಮೂವರೂ ಕೆನ್ನೆ ಉಬ್ಬಿಸಿಕೊಂಡು ಒಬ್ಬರ ಮುಖ ಒಬ್ಬರು ನೋಡುತ್ತಾ ನಿಂತಿದ್ದರು. ಬಾಗಿಲಿಗೆ ಬಂದ ರೋಗಿಯೊಬ್ಬ ಹೆದರಿ ಹಿಂದಕ್ಕೆ ಸರಿದ.

"ಥೂ ನನ್ನ!" ಎಂದು ನಾಗರಾಜಪ್ಪ ಹಣೆ ಚಚ್ಚಿಕೊಂಡು ನಕ್ಕ. "ಅಚ್ಚಿನಾಗೂ ಈ ಗೆರೆ ಇದ್ವು ಯಜಮಾನ್ರೆ. ಚಂದ ಕಾಣ್ಲಿ ಅಂತ ನಾನೇ ತೀಡಿ ತೆಗೆದಿದ್ದೆ. ಅಮ್ಮಾ, ಒರಟು ಬ್ಯಾಡ. ಏಣು ಎಬ್ಬಿಸಾಣ. ಏಣಿನ ಮೈ ನುಣ್ಣಗೇ ಇರ್ಲಿ. ಕೊಳೇನೂ ಕೂರಲ್ಲ, ನಾಲಿಗೇನೂ ಜಾರಲ್ಲ."

ಅವನು ಗುಲಾಬಿ ಪುಡಿಯನ್ನು ಘಾಟು ವಾಸನೆಯ ಎಣ್ಣೆಯಂಥದ್ದರಲ್ಲಿ ಕಲಸಿ, ಸಣ್ಣ ಕಡ್ಡಿಯ ತುದಿಯಿಂದ ಅಂಗುಳದ ಮೇಲೆ ಗೆರೆ ಎಳೆದ. ಹಬ್ಬಕ್ಕೆ ಚಕ್ಕುಲಿ ಬಿಡುವವರ ಹಾಗೆ ಉಸಿರು ಬಿಗಿಹಿಡಿದಿದ್ದ. ಗಟ್ಟಿಯಾದ ಮೇಲೆ ಪುಟ್ಟದೊಂದು ಬ್ರಷ್ಷು ಸಿಕ್ಕಿಸಿ ಒಂದೊಂದು ಏಣನ್ನೂ, ಏಣಿನ ಸಂದನ್ನೂ ಬೇರೆ ಬೇರೆಯಾಗಿ ಪಾಲಿಶ್ ಮಾಡಿದ. ಮುದ್ದಕ್ಕ ಬೆರಳಲ್ಲಿ ಸವರಿ ನೋಡಿದಳು. ಏರಿಳಿತ ತಿಳಿಯುತ್ತಿತ್ತು, ಎಲ್ಲೂ ಗೀರಲಿಲ್ಲ. ಇಂಥ ಕೆಲಸ ತನ್ನಿಂದ ಆಗದು ಎಂದು ಅವಳು ಮನಸ್ಸಿನಲ್ಲೇ ಒಪ್ಪಿಕೊಂಡಳು.

"ಹಾಕಿ ನೋಡ್ರಿ ಸಿಳ್ಳೆ," ಎಂದ ನಾಗರಾಜಪ್ಪ.

ಪಾಲಣ್ಣ ತಲೆಯಾಡಿಸಿದ. "ಇಲ್ಲಿ ಬ್ಯಾಡ. ಕುರಿ ಮುಂದೇನೇ ಹಾಕ್ತೀನಿ." ಅವನಿಗೆ ಹೆದರಿಕೆ ಎಂದು ಮುದ್ದಕ್ಕನಿಗೆ ಗೊತ್ತಿತ್ತು. ಅವಳಿಗೂ ಹೆದರಿಕೆಯೇ.

ಹೊಳಲ್ಕೆರೆಯಲ್ಲಿ ನೆಂಟರ ಮನೆಯಲ್ಲಿ ತಂಗಿದ್ದು ಬೆಳಿಗ್ಗೆ, ಮಂದೆಗಳು ಹೋಗುವ ದಾರಿಯಲ್ಲಿದ್ದ ಬಿ.ದುರ್ಗ ಎಂಬ ಊರಿಗೆ ಬಸ್ಸು ಹಿಡಿದರು. ಊರು ಇನ್ನೂ ಸ್ವಲ್ಪ ದೂರವಿರುವಾಗಲೇ ಕಿಟಕಿಯಿಂದ ತಮ್ಮ ಮಂದೆ ಕಂಡಿತು. ಪಾಲಣ್ಣ ಬಸ್ಸು ನಿಲ್ಲಿಸಿ ಇಳಿದ. ಜೋಳ ಕೊಯ್ದ ಅಗಲವಾದ ಹೊಲದಾಚೆ ಯಾರದೋ ಕಡಲೆಯ ಹಸಿರು ಪಟ್ಟಿ, ಅದರ ಕಡೆಗೆ ಕುರಿಗಳು ಹರಿದು ಹೋಗುತ್ತಿದ್ದವು. ಉಗ್ರಪ್ಪ ಅತ್ತಿಂದಿತ್ತ ಓಡುತ್ತಾ ಅಡ್ಡ ಹಾಕುತ್ತಿದ್ದ. ಒಂದು ಕಡೆ ತಡೆದರೆ ಇನ್ನೊಂದು ಕಡೆಯಿಂದ ನುಗ್ಗುತ್ತಿದ್ದವು. ಅವನ ಪಂಚೆ ಬಿಚ್ಚಿಹೋಗುವಂತಿತ್ತು.

"ಹಾಕು," ಎಂದಳು ಮುದ್ದಕ್ಕ.

ಪಾಲಣ್ಣ ತುಟಿ ಒರೆಸಿಕೊಂಡ. ಮೊದಲು ಬಂದದ್ದು ಗಾಳಿ. ಮುದ್ದಕ್ಕ ಕಣ್ಣು ಮುಚ್ಚಿಕೊಂಡಳು. ಆಮೇಲೆ ಅವಳ ಕಿವಿಯ ಪಕ್ಕದಲ್ಲೇ ಅದು ಸಣ್ಣಗೆ ಎದ್ದಿತು, ನಡುವೆ ಕುಣಿಯಿತು, ಹೊಲದ ಉದ್ದಕ್ಕೂ ಹರಿದುಹೋಯಿತು. ಕಣ್ಣು ಬಿಟ್ಟಾಗ ಕಡಲೆಯ ಅಂಚಿನಲ್ಲಿದ್ದ ಕುರಿಗಳೆಲ್ಲ ತಲೆಯೆತ್ತಿದ್ದವು. ಮುಂದಿನ ಟಗರು ತಿರುಗಿತು. ಅದರ ಹಿಂದೆ ಇಡೀ ಮಂದೆ ತಿರುಗಿ, ಧೂಳೆಬ್ಬಿಸಿಕೊಂಡು, ಬ್ಯಾ ಎನ್ನುತ್ತಾ ಓಡಿಬಂತು. ಇಷ್ಟು ವರ್ಷ ಕುರಿಗಾಹಿಯ ಹೆಂಡತಿಯಾಗಿದ್ದರೂ ಅವನ ಪಕ್ಕದಲ್ಲೇ ನಿಂತು, ಮಂದೆ ಅವನ ಸಿಳ್ಳೆಗೆ ಹೀಗೆ ಎದುರಿಗೆ ಓಡಿಬರುವುದನ್ನು ಅವಳು ಕಂಡದ್ದು ಅದೇ ಮೊದಲು. ಅವಳಿಗೆ ಅಳು ಬಂತು. ನಾಚಿಕೆಯಿಲ್ಲದೆ ಅತ್ತಳು.

ಮಂದೆಯ ಹಿಂದೆಯೇ ಉಗ್ರಪ್ಪ ಏದುಸಿರು ಬಿಡುತ್ತಾ ಬಂದ. ಎಲ್ಲಿ ಸಿಟ್ಟಾಗುತ್ತಾನೋ ಎಂದು ಮುದ್ದಕ್ಕ ಕಾದಳು.

"ಬಂತಾ ಮಾವ?"

"ಬಂತು ಕಣೋ."

ಉಗ್ರಪ್ಪ ಕೋಲನ್ನು ಪಾಲಣ್ಣನ ಕೈಯಲ್ಲಿಟ್ಟ, ಹೆಗಲ ಮೇಲಿದ್ದ ಕಂಬಳಿಯನ್ನು ಅವನ ಹೆಗಲಿಗೆ ಹಾಕಿದ. "ಹಂಗಾದ್ರೆ ಮಾವ, ನಾನು ಮನಿಗೆ ಹೋಗ್ಲಾ?" ಎಂದ. ಅವನ ಮುಖ ಊರಗಲ ಅರಳಿತ್ತು. ಆಗ ಮುದ್ದಕ್ಕನಿಗೆ ತಿಳಿಯಿತು. ಈ ಹುಡುಗ ಯಾವತ್ತೂ ಕೋಲಿಗೆ ಆಸೆಪಟ್ಟವನೇ ಅಲ್ಲ. ಹೆಂಡತಿ ಬಸುರಿ ಎಂದು ಗಂಡಸು ಮನೆಯಲ್ಲಿ ಕೂತ ಎಂದು ಹಟ್ಟಿಯವರು ಆಡಿಕೊಂಡಾರು ಎಂದು ತಾನೇ ಹೋಗುತ್ತೇನೆ ಎಂದಿದ್ದ, ಅಷ್ಟೇ.

"ಇನ್ನೂ ಇಲ್ಲೇ ನಿಂತಿದೀಯಲ್ಲೋ. ಓಡು," ಎಂದ ಪಾಲಣ್ಣ.

ಉಗ್ರಪ್ಪ ನಿಜವಾಗಿಯೂ ಓಡಿದ. ರಸ್ತೆಯ ಕಡೆ ದಾಪುಗಾಲು ಹಾಕಿದವನು ಅತ್ತೆ ಹಿಂದಿದ್ದಾಳೆ ಎಂಬುದನ್ನೇ ಮರೆತಿದ್ದ. ಮುದ್ದಕ್ಕ ಗಂಡನಿಗೆ ಏನಾದರೂ ಹೇಳಬೇಕೆಂದುಕೊಂಡಳು. ಬಾಯಿಗೆ ಬಂದದ್ದು, "ಹೊತ್ತೊತ್ತಿಗೆ ಉಣ್ಣು" ಎಂಬುದು ಮಾತ್ರ. ಅವನೂ "ಹ್ಞೂಂ" ಎಂದನಷ್ಟೇ. ಅವಳು ಸೆರಗು ಹೊದ್ದುಕೊಂಡು ಜೋಳದ ಕೂಳೆಗಳ ನಡುವೆ ಹೆಜ್ಜೆ ಹಾಕಿದಳು. ಮಗಳ ಮುಖ ನೆನೆಸಿಕೊಂಡು ಸಂತೋಷಪಟ್ಟಳು. ತನ್ನ ಮನೆಗೆ ಯಾರೂ ಹೀಗೆ ಓಡಿಬಂದಿರಲಿಲ್ಲವಲ್ಲ ಎಂದು ಕೊಂಚ ಹೊಟ್ಟೆಕಿಚ್ಚೂ ಪಟ್ಟಳು.

ರಸ್ತೆಗೆ ಹತ್ತುವಷ್ಟರಲ್ಲಿ ಹಿಂದಿನಿಂದ ಸಿಳ್ಳೆ ಕೇಳಿಸಿತು. ಯಾವ ಕುರಿಯೋ ತಪ್ಪಿಸಿಕೊಂಡಿರಬೇಕು ಎಂದು ಅವಳು ತಿರುಗಿ ನೋಡಿದಳು. ಒಂದೂ ತಪ್ಪಿಸಿಕೊಂಡಿರಲಿಲ್ಲ. ಕುರಿಗಳೆಲ್ಲ ಪಾಲಣ್ಣನ ಕಾಲಿನ ಸುತ್ತಲೇ ನಿಂತಿದ್ದವು. ಅವನು ಅವುಗಳ ನಡುವೆ ನಿಂತು, ಅವಳ ಕಡೆಗೇ ಮುಖ ಮಾಡಿ, ಇನ್ನೊಮ್ಮೆ ಸಿಳ್ಳೆ ಹಾಕಿದ.

"ಅತ್ತೇ, ಬಸ್ಸು ಬಂತು, ಬೇಗ ಬಾ!" ಎಂದು ಉಗ್ರಪ್ಪ ಕೂಗಿದ.

ಮುದ್ದಕ್ಕ ನಿಂತಲ್ಲಿಂದ ಅಲ್ಲಾಡಲಿಲ್ಲ.

"ತಡಿಯೋ," ಎಂದಳು. "ನಿಮ್ಮಾವ ನನ್ನ ಕರೀತಾ ಐತೆ."